ಕಿರು ಎಸೆತದ ಔಚಿತ್ಯ

ಅಮೆರಿಕದ ಫುಟ್‌ಬಾಲನ್ನು ಕುರಿತ ಬರಹಗಳಲ್ಲಿ ಕ್ವಾರ್ಟರ್‌ಬ್ಯಾಕನ ಕಿರು ಎಸೆತದ ಬಗೆಗೆ ಎರಡು ಅಭಿಪ್ರಾಯಗಳು ರೂಢಿಯಲ್ಲಿವೆ. ಐದಾರು ಗಜದಾಚೆ ನಿಂತ ಜೊತೆಗಾರನಿಗೆ ಚೆಂಡನ್ನು ಒಪ್ಪಿಸಿ ಕೈತೊಳೆದುಕೊಳ್ಳುವುದು ಅಂಜುಬುರುಕತನವೆಂಬುದು ಒಂದು; ಚೆಂಡು ಎದುರಾಳಿಯ ಪಾಲಾಗದಂತೆ ಕಾಯುವ ಆ ಎಸೆತವೇ ವಿವೇಕವೆಂಬುದು ಇನ್ನೊಂದು. ಪರಸ್ಪರ ವಿರುದ್ಧವಾಗಿ ತೋರುವ ಈ ಎರಡು ಮಾತುಗಳ ಬೇರು ಒಂದೇ. ಎಸೆತದ ಉದ್ದವನ್ನೇ ಎಸೆತದ ಗುಣವೆಂದು ಎರಡೂ ಭಾವಿಸಿವೆ. ಅಲಂಕಾರವು ತನ್ನಷ್ಟಕ್ಕೆ ತಾನೇ ಶೋಭಿಸುವುದಿಲ್ಲ, ಉಚಿತವಾದ ಎಡೆಯಲ್ಲಿದ್ದರೆ ಮಾತ್ರ ಶೋಭಿಸುತ್ತದೆ ಎಂಬುದು ಕ್ಷೇಮೇಂದ್ರನ ಔಚಿತ್ಯವಿಚಾರದ ತಿರುಳು. ಕಾವ್ಯಕ್ಕೆ ಹೇಳಿದ ಈ ಮಾತು ಕಿರು ಎಸೆತಕ್ಕೂ ಒಪ್ಪುತ್ತದೆಂದು ನಾವು ತಿಳಿಯುತ್ತೇವೆ. ಅದು ಎಲ್ಲಿ ಉಚಿತ, ಎಲ್ಲಿ ಅನುಚಿತ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ಆಟ ನಮ್ಮಲ್ಲಿ ರೂಢಿಯಲ್ಲಿರುವ ಕಾಲ್ಚೆಂಡಾಟವಲ್ಲವಾದ್ದರಿಂದ ಅದರ ಕಟ್ಟಳೆಯನ್ನು ಮೊದಲು ಸಂಕ್ಷೇಪವಾಗಿ ಹೇಳಬೇಕು. ಎರಡು ಪಂಗಡಗಳಲ್ಲೂ ತಲಾ ೧೧ ಆಟಗಾರರು. ಮೈದಾನದ ಉದ್ದ ೧೦೦ ಗಜ. ಎರಡು ತುದಿಗಳಲ್ಲಿ ಹತ್ತು ಹತ್ತು ಗಜದ ಅಂತ್ಯವಲಯಗಳು. ಅಗಲ ೧೬೦ ಅಡಿ. ಚೆಂಡನ್ನು ಪಡೆದ ಪಂಗಡಕ್ಕೆ ‘ಡೌನ್’ ಎಂಬ ನಾಲ್ಕು ಅವಕಾಶಗಳಿರುತ್ತವೆ. ಅಷ್ಟರೊಳಗೆ ೧೦ ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಅವಕಾಶಗಳು ದೊರೆಯುತ್ತವೆ. ಮೂರರಲ್ಲಿ ಸಾಧಿಸದಿದ್ದರೆ, ನಾಲ್ಕನೆಯದರಲ್ಲಿ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುವುದು ಸಾಮಾನ್ಯವಾದ ಕ್ರಮ. ಚೆಂಡನ್ನು ಕೈಗೆತ್ತಿಕೊಂಡು ಯಾರಿಗೆ ಎಸೆಯಬೇಕೆಂದು ಎರಡು ಮೂರು ಕ್ಷಣಗಳಲ್ಲಿ ನಿಶ್ಚಯಿಸುವ ಹೊಣೆ ಕ್ವಾರ್ಟರ್‌ಬ್ಯಾಕನದು. ಆ ಅಲ್ಪಕಾಲದಲ್ಲಿಯೇ ಎದುರಾಳಿಗಳು ಅವನನ್ನು ನೆಲಕ್ಕೆ ಕೆಡವಲು ನುಗ್ಗಿ ಬರುತ್ತಿರುತ್ತಾರೆ.

೧

ಕಿರು ಎಸೆತವನ್ನು ಒಂದು ಪದ್ಧತಿಯಾಗಿ ಬೆಳೆಸಿದವರಲ್ಲಿ ಬಿಲ್ ವಾಲ್ಶ್ ಪ್ರಮುಖ. ಆತ ಸಿನ್ಸಿನಾಟಿ ಬೆಂಗಾಲ್ಸ್ ತಂಡದಲ್ಲಿ ಸಹಾಯಕ ತರಬೇತುದಾರನಾಗಿದ್ದಾಗ, ೧೯೬೯ರಲ್ಲಿ, ದೂರದ ಎಸೆತಕ್ಕೆ ಹೆಸರಾದ ಗ್ರೆಗ್ ಕುಕ್ ಎಂಬ ಹೊಸ ಕ್ವಾರ್ಟರ್‌ಬ್ಯಾಕನಿಗೆ ಭುಜದಲ್ಲಿ ಪೆಟ್ಟಾಯಿತು. ಆ ಪೆಟ್ಟಿನಿಂದ ಅವನ ಆಟದ ಜೀವನವೇ ಮೊಟಕಾಯಿತು. ೧೯೭೦ರಲ್ಲಿ ಅವನ ಸ್ಥಾನಕ್ಕೆ ಬಂದ ವರ್ಜಿಲ್ ಕಾರ್ಟರನಿಗೆ ತೋಳಿನ ಬಲ ಸಾಧಾರಣ. ಆದರೆ ಗುರಿ ನೇರ, ಬುದ್ಧಿ ಚುರುಕು. ಇದ್ದ ಶಕ್ತಿಗೆ ತಕ್ಕ ಆಟವನ್ನು ವಾಲ್ಶ್ ರೂಪಿಸಿದ. ಮೈದಾನದ ಉದ್ದವನ್ನು ಬೆದಕುವ ಬದಲು ಅಗಲವನ್ನು ಬಳಸುವುದು. ಕ್ವಾರ್ಟರ್‌ಬ್ಯಾಕ್ ಹಿಂದಕ್ಕಿಡುವ ಹೆಜ್ಜೆಗಳ ಎಣಿಕೆಗೂ ಜೊತೆಗಾರನು ಓಡಿ ತಿರುಗುವ ಗಳಿಗೆಗೂ ಹೊಂದಿಕೆ ಕಲ್ಪಿಸುವುದು. ಮೊದಲನೆಯವನು ಸಿಕ್ಕದಿದ್ದರೆ ಎರಡನೆಯವನು, ಅವನೂ ಸಿಕ್ಕದಿದ್ದರೆ ಹತ್ತಿರದಲ್ಲಿಯೇ ಕಾದಿರುವ ಮೂರನೆಯವನು ಎಂದು ನೋಟಕ್ಕೊಂದು ಕ್ರಮವನ್ನು ಗೊತ್ತುಪಡಿಸುವುದು—ಇವು ಅದರ ಲಕ್ಷಣಗಳು. ಆ ವರ್ಷ ಮೊದಲ ಏಳು ಪಂದ್ಯಗಳಲ್ಲಿ ಆರನ್ನು ಸೋತಿದ್ದ ತಂಡ ಮುಂದಿನ ಏಳನ್ನೂ ಗೆದ್ದು ತನ್ನ ವಿಭಾಗದಲ್ಲಿ ಮೊದಲನೆಯದಾಯಿತು.

ಹೀಗೆ ಈ ಪದ್ಧತಿ ಭೀತಿಯಿಂದ ಹುಟ್ಟಿದ್ದಲ್ಲ, ಪರಿಮಿತಿಯ ಅರಿವಿನಿಂದ ಹುಟ್ಟಿದ್ದು ಎಂಬುದನ್ನು ನಾವು ಗಮನಿಸಬೇಕು. ಚೆಂಡು ಬೇಗನೆ ಕೈಬಿಡುವುದರಿಂದ ಎಸೆಯುವವನ ಮೈಮೇಲೆ ಬೀಳುವ ಹೊಡೆತಗಳೂ ತಗ್ಗುತ್ತವೆ. ಕುಕ್‌ನಿಗಾದ ಗತಿಯನ್ನು ನೆನೆದರೆ ಇದು ಕಡಿಮೆಯ ಲಾಭವೇನಲ್ಲ. ೧೯೭೮ರಲ್ಲಿ ನಿಯಮಗಳೂ ಇದಕ್ಕೆ ಒತ್ತಾಸೆಯಾದವು. ಹಿಡಿಯಲು ಓಡುವವನನ್ನು ಐದು ಗಜದಾಚೆ ತಡೆಯುವಂತಿಲ್ಲವೆಂದೂ, ಕ್ವಾರ್ಟರ್‌ಬ್ಯಾಕನ ಕಾವಲಿನವರು ಕೈಚಾಚಿ ತಡೆಯಬಹುದೆಂದೂ ಆಗ ಗೊತ್ತುಮಾಡಲಾಯಿತು.

೨

ಇನ್ನು ಲೆಕ್ಕವನ್ನು ನೋಡೋಣ. ವಿಚಾರದ ಸೌಕರ್ಯಕ್ಕಾಗಿ ಎರಡು ಬಗೆಯ ಎಸೆತಗಳನ್ನು ಕಲ್ಪಿಸಿಕೊಳ್ಳಬಹುದು. ನೂರರಲ್ಲಿ ೭೦ ಸಲ ಫಲಿಸಿ ೫ ಗಜ ತರುವ ಕಿರು ಎಸೆತ ಒಂದು. ನೂರರಲ್ಲಿ ೩೫ ಸಲ ಫಲಿಸಿ ೨೦ ಗಜ ತರುವ ದೂರದ ಎಸೆತ ಇನ್ನೊಂದು. ಇವು ಉದಾಹರಣೆಯ ಅಂಕಿಗಳೇ ಹೊರತು ಆಟದ ದಾಖಲೆಗಳಲ್ಲ. ಸರಾಸರಿಯನ್ನು ನೋಡಿದರೆ ಕಿರಿದರಿಂದ ಎಸೆತವೊಂದಕ್ಕೆ ಮೂರೂವರೆ ಗಜ, ದೂರದ್ದರಿಂದ ಏಳು ಗಜ. ಆದ್ದರಿಂದ ಸದಾ ದೂರಕ್ಕೆ ಎಸೆಯುವುದೇ ಲೇಸೆಂದು ತೋರುತ್ತದೆ. ಆದರೆ ಪಂಗಡಕ್ಕೆ ಮೊದಲು ಬೇಕಾದದ್ದು ಸರಾಸರಿಯಲ್ಲ. ಮೂರು ಅವಕಾಶಗಳಲ್ಲಿ ೧೦ ಗಜ. ಮೂರು ಸಲವೂ ದೂರಕ್ಕೆ ಎಸೆದರೆ ಒಮ್ಮೆಯಾದರೂ ಫಲಿಸುವ ಸಂಭವ ನೂರಕ್ಕೆ ಸುಮಾರು ೭೩. ಮೂರು ಸಲವೂ ಹತ್ತಿರಕ್ಕೆ ಎಸೆದರೆ ಎರಡು ಸಲ ಫಲಿಸುವ ಸಂಭವ ನೂರಕ್ಕೆ ಸುಮಾರು ೭೮. ಸರಾಸರಿಯಲ್ಲಿ ಅರ್ಧದಷ್ಟಿರುವ ಎಸೆತ ಇಲ್ಲಿ ಮುಂದಾಗುತ್ತದೆ!

ಇಷ್ಟಕ್ಕೆ ನಿಂತರೆ ಕಿರು ಎಸೆತದ ಪಕ್ಷಪಾತಿಗಳು ಗೆದ್ದಂತಾಗುತ್ತದೆ. ಆದರೆ ಮೊದಲೆರಡು ಕಿರು ಎಸೆತಗಳೂ ವಿಫಲವಾದವೆಂದು ಇಟ್ಟುಕೊಳ್ಳೋಣ. ಆಗ ಉಳಿದಿರುವುದು ಒಂದು ಅವಕಾಶ, ಬೇಕಾದದ್ದು ೧೦ ಗಜ. ಈಗ ಐದು ಗಜದ ಎಸೆತ ಫಲಿಸಿದರೂ ವ್ಯರ್ಥ. ಈ ಒಂದು ಸಂದರ್ಭದಲ್ಲಿ ಮಾತ್ರ ದೂರಕ್ಕೆ ಎಸೆದು ಉಳಿದೆಡೆಯಲ್ಲೆಲ್ಲ ಹತ್ತಿರಕ್ಕೆ ಎಸೆದರೆ ಸಾಧನೆಯ ಸಂಭವ ನೂರಕ್ಕೆ ಸುಮಾರು ೮೨ಕ್ಕೆ ಏರುತ್ತದೆ. ಒಂದೇ ಎಸೆತಕ್ಕೆ ಕಟ್ಟುಬಿದ್ದವರಿಬ್ಬರಿಗಿಂತಲೂ ಸಂದರ್ಭವನ್ನು ನೋಡಿ ಬದಲಾಯಿಸುವವನು ಮೇಲು. ಚೆಂಡು ಎದುರಾಳಿಯ ಕೈಸೇರುವ ಅಪಾಯವನ್ನಾಗಲಿ, ದೂರದ ಎಸೆತ ತರುವ ಹೆಚ್ಚಿನ ಗಜಗಳ ಬೆಲೆಯನ್ನಾಗಲಿ ಈ ಲೆಕ್ಕಕ್ಕೆ ನಾವು ಸೇರಿಸಿಲ್ಲ. ಮೊದಲನೆಯದು ಕಿರು ಎಸೆತಕ್ಕೂ ಎರಡನೆಯದು ದೂರದ ಎಸೆತಕ್ಕೂ ಒದಗುವ ವಾದ. ಅವನ್ನು ಸೇರಿಸಿದರೆ ಅಂಕಿಗಳು ಬದಲಾದಾವು. ಆದರೆ ಅವಕಾಶ ಉಳಿದಿರುವಾಗ ಕಿರಿದಕ್ಕಿರುವ ಬೆಲೆ ಅವಕಾಶ ಮುಗಿಯುವಾಗ ಇರುವುದಿಲ್ಲವೆಂಬ ತತ್ತ್ವ ಬದಲಾಗದು.

ಇಂತಹ ಲೆಕ್ಕ ಆಟಗಾರನಿಗೆ ಹೊರಗಿನದೆಂದು ಭಾವಿಸಬೇಕಾಗಿಲ್ಲ. ಮೇಲೆ ಹೇಳಿದ ಕಾರ್ಟರನೇ ರಾಬರ್ಟ್ ಮೇಕಲ್ ಎಂಬ ವಿದ್ವಾಂಸನೊಡನೆ ಸೇರಿ, ಮೈದಾನದ ಯಾವ ಸ್ಥಳದಲ್ಲಿ ಚೆಂಡು ಕೈಯಲ್ಲಿದ್ದರೆ ಎಷ್ಟು ಅಂಕಗಳನ್ನು ನಿರೀಕ್ಷಿಸಬಹುದೆಂಬುದನ್ನು ಗಣಿಸಿ, ೧೯೭೧ರಲ್ಲಿ ‘ಆಪರೇಷನ್ಸ್ ರಿಸರ್ಚ್’ ಎಂಬ ಪತ್ರಿಕೆಯಲ್ಲಿ ಪ್ರಬಂಧವನ್ನು ಪ್ರಕಟಿಸಿದ. ಕಿರು ಎಸೆತದ ಪದ್ಧತಿ ಯಾರ ಕೈಯಲ್ಲಿ ರೂಪುಗೊಂಡಿತೋ ಅವನೇ ಗಜಗಳೆಲ್ಲಕ್ಕೂ ಒಂದೇ ಬೆಲೆಯಲ್ಲವೆಂದು ಅಂಕಿಗಳಿಂದ ತೋರಿಸಿದ್ದು ಸ್ಮರಣೀಯ.

೩

ಈ ತತ್ತ್ವಕ್ಕೆ ನಿದರ್ಶನವಾಗಿ ೧೯೮೯ರ ಜನವರಿ ೨೨ರಂದು ನಡೆದ ಸೂಪರ್ ಬೌಲ್ ಪಂದ್ಯದ ಕೊನೆಯ ಭಾಗವನ್ನು ಪರಿಶೀಲಿಸಬಹುದು. ಆಗ ವಾಲ್ಶ್ ಸ್ಯಾನ್ ಫ್ರಾನ್ಸಿಸ್ಕೋ ತಂಡದ ಮುಖ್ಯ ತರಬೇತುದಾರ, ಜೋ ಮೊಂಟಾನಾ ಕ್ವಾರ್ಟರ್‌ಬ್ಯಾಕ್, ಎದುರಾಳಿ ಸಿನ್ಸಿನಾಟಿ. ೧೩ಕ್ಕೆ ೧೬ರಂತೆ ಹಿಂದೆ ಬಿದ್ದಿದ್ದ ಮೊಂಟಾನಾನ ಪಂಗಡಕ್ಕೆ ಚೆಂಡು ದೊರೆತದ್ದು ತನ್ನದೇ ೮ನೆಯ ಗಜದಲ್ಲಿ. ಉಳಿದಿದ್ದ ಕಾಲ ಮೂರು ನಿಮಿಷಕ್ಕೆ ಸ್ವಲ್ಪ ಹೆಚ್ಚು. ಸಾಗಬೇಕಾದ ದೂರ ೯೨ ಗಜ. ಆತುರಗಾರನು ಇಲ್ಲಿ ದೂರಕ್ಕೆ ಎಸೆದಾನು. ಮೊಂಟಾನಾನ ಮೊದಲ ಮೂರು ಎಸೆತಗಳು ತಂದದ್ದು ಕ್ರಮವಾಗಿ ೮, ೭, ೭ ಗಜಗಳನ್ನು. ಕಾಲವಿನ್ನೂ ಇತ್ತು, ಅವಕಾಶಗಳೂ ಇದ್ದುವು. ಆದ್ದರಿಂದ ಹತ್ತಿರದ ಎಸೆತ ಸಾರ್ಥಕವಾಯಿತು. ಮುಂದೆ ಒಂದು ದಂಡನೆಯಿಂದಾಗಿ ಎರಡನೆಯ ಅವಕಾಶದಲ್ಲಿ ೨೦ ಗಜ ಬೇಕಾದ ಸ್ಥಿತಿ ಒದಗಿತು. ಆಗ ಮೊಂಟಾನಾ ನಡುಮೈದಾನದಲ್ಲಿ ಜೆರಿ ರೈಸ್‌ನಿಗೆ ಎಸೆದ ಚೆಂಡು, ಹಿಡಿದ ಮೇಲಿನ ಅವನ ಓಟವೂ ಸೇರಿ, ೨೭ ಗಜಗಳನ್ನು ತಂದಿತು. ಆಮೇಲೆ ೮ ಗಜದ ಒಂದು ಎಸೆತ. ಕೊನೆಯಲ್ಲಿ ಜಾನ್ ಟೇಲರ್‌ನಿಗೆ ೧೦ ಗಜದ ಎಸೆತ. ೩೪ ಸೆಕೆಂಡುಗಳು ಉಳಿದಿರುವಂತೆ ಟಚ್‌ಡೌನ್ ಆಗಿ, ಸ್ಯಾನ್ ಫ್ರಾನ್ಸಿಸ್ಕೋ ೨೦–೧೬ರಿಂದ ಗೆದ್ದಿತು.

೨೦೧೫ರ ಫೆಬ್ರವರಿ ೧ರ ಸೂಪರ್ ಬೌಲ್ ಇದನ್ನೇ ಎರಡು ಮುಖಗಳಿಂದ ತೋರಿಸುತ್ತದೆ. ಸಿಯಾಟಲ್ ತಂಡಕ್ಕೆ ಎದುರಾಗಿ ನ್ಯೂ ಇಂಗ್ಲೆಂಡ್ ತಂಡದ ಟಾಮ್ ಬ್ರೇಡಿ ೫೦ ಎಸೆತಗಳಲ್ಲಿ ೩೭ನ್ನು ಫಲಿಸಿದ. ಅವುಗಳಲ್ಲಿ ಶೇನ್ ವೆರೀನ್ ಹಿಡಿದ ೧೧ ಎಸೆತಗಳು ತಂದದ್ದು ಒಟ್ಟು ೬೪ ಗಜ ಮಾತ್ರ. ಅಂದರೆ ಒಂದೊಂದಕ್ಕೆ ಆರು ಗಜವೂ ಇಲ್ಲ. ಆದರೆ ಹತ್ತು ಅಂಕ ಹಿಂದಿದ್ದ ಕೊನೆಯ ಪಾದದಲ್ಲಿ, ಮೂರನೆಯ ಅವಕಾಶಕ್ಕೆ ೧೪ ಗಜ ಬೇಕಾದಾಗ, ಅದೇ ಬ್ರೇಡಿ ಜೂಲಿಯನ್ ಎಡಲ್‌ಮನ್‌ನಿಗೆ ಎಸೆದು ೨೧ ಗಜ ಗಳಿಸಿದ. ಅಲ್ಲಿ ಆರು ಗಜದ ಎಸೆತ ಸುರಕ್ಷಿತವಾಗಿ ಕಂಡರೂ ಚೆಂಡನ್ನು ಬಿಟ್ಟುಕೊಡುವ ದಾರಿಯೇ ಆಗುತ್ತಿತ್ತು.

ಅದೇ ಪಂದ್ಯದ ಕೊನೆಯಲ್ಲಿ ಸಿಯಾಟಲ್ ಪಂಗಡ ೨೪–೨೮ರಂತೆ ಹಿಂದಿದ್ದು, ಗುರಿಗೆ ಒಂದೇ ಗಜದಲ್ಲಿ ಚೆಂಡನ್ನಿಟ್ಟುಕೊಂಡಿತ್ತು. ಎರಡನೆಯ ಅವಕಾಶ, ೨೬ ಸೆಕೆಂಡುಗಳು. ರಸೆಲ್ ವಿಲ್ಸನ್ ಎಸೆದ ಕಿರು ಚೆಂಡನ್ನು ಮಾಲ್ಕಮ್ ಬಟ್ಲರ್ ನಡುವೆ ನುಗ್ಗಿ ಕಸಿದುಕೊಂಡ. ಎಸೆಯುವ ನಿರ್ಧಾರವೇ ಮೂರ್ಖತನವೆಂದು ಹಲವರು ಹಳಿದರು. ಇದನ್ನು ನಾವು ಪೂರ್ಣವಾಗಿ ಒಪ್ಪುವುದಿಲ್ಲ. ಎಸೆತ ವಿಫಲವಾಗಿ ನೆಲಕ್ಕೆ ಬಿದ್ದಿದ್ದರೆ ಗಡಿಯಾರ ನಿಲ್ಲುತ್ತಿತ್ತು, ಇನ್ನೆರಡು ಅವಕಾಶಗಳು ಉಳಿಯುತ್ತಿದ್ದುವು. ದೋಷವಿದ್ದುದು ಬೇರೆಡೆ. ಗುರಿಯ ಬಳಿಯಲ್ಲಿ ಹಿಂದಿನ ದೂರವನ್ನು ಕಾಯಬೇಕಾದ ಭಾರ ಎದುರಾಳಿಗಿರುವುದಿಲ್ಲ. ಎಲ್ಲರೂ ಮುಂದಕ್ಕೆ ಒತ್ತಿ ನಿಲ್ಲುತ್ತಾರೆ. ಅಲ್ಲಿ ನಡುವಿನ ಸಂದಣಿಗೆ ಎಸೆದ ಚೆಂಡು ಕಿರಿದು ಹೌದು, ಸುರಕ್ಷಿತವಲ್ಲ. ಈ ಎರಡು ವಿಶೇಷಣಗಳನ್ನು ಸಮಾನಾರ್ಥಕಗಳೆಂದು ಬಳಸುವ ವಿಮರ್ಶೆಗೆ ಇದಕ್ಕಿಂತ ತೀಕ್ಷ್ಣವಾದ ಉತ್ತರ ಬೇಕಿಲ್ಲ.

೪

ಇಂತಹ ಗೊಂದಲಕ್ಕೆ ಅಳತೆಗೋಲೂ ಕಾರಣವಾಗಿದೆ. ಅಮೆರಿಕದ ರಾಷ್ಟ್ರೀಯ ಲೀಗು ೧೯೭೩ರಲ್ಲಿ ಅಂಗೀಕರಿಸಿದ ‘ಪಾಸರ್ ರೇಟಿಂಗ್’ ಎಂಬ ಗುಣಾಂಕ ಫಲಿಸಿದ ಎಸೆತಗಳ ಪ್ರಮಾಣ, ಎಸೆತಕ್ಕೆ ದೊರೆತ ಗಜ, ಟಚ್‌ಡೌನ್, ಎದುರಾಳಿಯ ಕೈಸೇರಿದ ಚೆಂಡು—ಈ ನಾಲ್ಕನ್ನು ಕೂಡಿಸುತ್ತದೆ. ಎಷ್ಟನೆಯ ಅವಕಾಶ, ಎಷ್ಟು ಗಜ ಬೇಕಿತ್ತು ಎಂಬುದನ್ನು ಅದು ಕೇಳುವುದಿಲ್ಲ. ಗುಣಾಂಕ ೮೦ ಇರುವ ಕ್ವಾರ್ಟರ್‌ಬ್ಯಾಕ್ ಮೂರನೆಯ ಅವಕಾಶಕ್ಕೆ ೧೦ ಗಜ ಬೇಕಾದಾಗ ೩ ಗಜದ ಎಸೆತವನ್ನು ಫಲಿಸಿದರೆ ಅವನ ಗುಣಾಂಕ ಏರುತ್ತದೆ. ಅವನ ಪಂಗಡವಾದರೋ ಚೆಂಡನ್ನು ಒಪ್ಪಿಸಿ ಮೈದಾನವನ್ನು ಬಿಡುತ್ತದೆ. ಧೈರ್ಯದಿಂದ ೧೨ ಗಜಕ್ಕೆ ಎಸೆದು ವಿಫಲನಾದವನ ಗುಣಾಂಕ ಇಳಿಯುತ್ತದೆ. ಸಂಬಳವೂ ಸ್ಥಾನವೂ ಇಂತಹ ಅಂಕಿಗಳ ನೆರಳಿನಲ್ಲಿರುವಾಗ, ತನ್ನ ಹೆಸರಿಗೆ ಸುರಕ್ಷಿತವಾದದ್ದನ್ನೇ ಪಂಗಡಕ್ಕೂ ಸುರಕ್ಷಿತವೆಂದು ಆಟಗಾರನು ಎಣಿಸುವುದು ಅಸಹಜವಲ್ಲ. ಯಾರ ಸುರಕ್ಷತೆ ಎಂಬ ಪ್ರಶ್ನೆಯನ್ನು ವಿಮರ್ಶಕನು ಕೇಳಲೇಬೇಕಾದದ್ದು ಇಲ್ಲಿಯೇ.

ಒಟ್ಟಿನಲ್ಲಿ ಹೇಳುವುದಾದರೆ, ಅವಕಾಶಗಳು ಇನ್ನೂ ಉಳಿದಿರುವಾಗ, ಎದುರಾಳಿಗಳು ಹೆಚ್ಚು ಮಂದಿ ನುಗ್ಗಿ ಬಂದು ಹಿಂದೆ ತೆರಪು ಬಿಟ್ಟಾಗ, ಅಥವಾ ದೂರವನ್ನು ಕಾಯುತ್ತ ಮುಂದಿನ ನೆಲವನ್ನು ಬಿಟ್ಟುಕೊಟ್ಟಾಗ, ಹಿಡಿದವನಿಗೆ ಓಡಲು ಎಡೆಯಿರುವಾಗ ಕಿರು ಎಸೆತ ಉಚಿತ. ಕೊನೆಯ ಅವಕಾಶದಲ್ಲಿ ಬೇಕಾದ ಗೆರೆಗೆ ಈಚೆಯೇ ನಿಂತು ಸುತ್ತುವರಿಯಲ್ಪಟ್ಟವನಿಗೆ ಎಸೆಯುವುದು, ಗುರಿಯ ಬಳಿಯ ಸಂದಣಿಗೆ ಎಸೆಯುವುದು ಅನುಚಿತ. ಎಸೆತ ಎಷ್ಟು ಉದ್ದವಾಯಿತು, ಕೈಗೆ ಸೇರಿತೆ ಇಲ್ಲವೆ ಎಂಬುದನ್ನು ಯಾರಾದರೂ ಎಣಿಸಬಹುದು. ಚೆಂಡು ಕೈಬಿಟ್ಟ ಕ್ಷಣದಲ್ಲಿ ಎಸೆದವನ ಮುಂದೆ ಇನ್ನಾವ ದಾರಿಗಳಿದ್ದುವು ಎಂಬುದನ್ನು ವಿಚಾರಿಸಿದ ಮೇಲೆಯೇ ಅದನ್ನು ಹೊಗಳುವ ಅಥವಾ ಹಳಿಯುವ ಅಧಿಕಾರ ವಿಮರ್ಶೆಗೆ ಬರುತ್ತದೆಂದು ನಾವು ನಂಬುತ್ತೇವೆ.