ಕೃತ, ಕಾರಿತ, ಅನುಮೋದನೆ: ಒಂದು ಯುದ್ಧಗ್ರಂಥದ ವಿಮರ್ಶೆ

ರಾಯ್ ಮೆಕ್‌ಲಾರನ್ ಅವರ ‘ಕೆನೇಡಿಯನ್ಸ್ ಬಿಹೈಂಡ್ ಎನಿಮಿ ಲೈನ್ಸ್’ (1981) ಎಂಬ ಗ್ರಂಥವು ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಗುಪ್ತ ಕಾರ್ಯಾಚರಣಾ ಸಂಸ್ಥೆಗಾಗಿ ಶತ್ರುವಶದ ನಾಡುಗಳಲ್ಲಿ ದುಡಿದ ಕೆನಡಾದವರ ಚರಿತ್ರೆ. ಇವರಲ್ಲಿ ಯುಗೊಸ್ಲಾವಿಯದಿಂದ ವಲಸೆ ಹೋಗಿ ಕೂಲಿಯಿಂದ ಜೀವಿಸುತ್ತಿದ್ದ ಶ್ರಮಿಕರ ಗುಂಪೊಂದುಂಟು. ಹುಟ್ಟೂರಿನ ಭಾಷೆಯನ್ನೂ ನೆಲವನ್ನೂ ಬಲ್ಲರೆಂಬ ಕಾರಣದಿಂದಲೇ ಅವರನ್ನು 1942ರಲ್ಲಿ ಆರಿಸಿ, ಗೂಢಚರ್ಯೆಯಲ್ಲಿ ತರಬೇತುಗೊಳಿಸಲಾಯಿತು. 1943ರ ಏಪ್ರಿಲ್‌ನಲ್ಲಿ ಮೊದಲ ತಂಡಗಳು ಪ್ಯಾರಾಚೂಟಿನಿಂದ ಇಳಿದು ಟಿಟೋ ಅವರ ಪಾರ್ಟಿಜಾನರನ್ನು ಸಂಧಿಸಿದವು. ಅದರ ಮರುತಿಂಗಳೇ ಬ್ರಿಟಿಷ್ ನಿಯೋಗವು ಅಲ್ಲಿಗೆ ತಲುಪಿತು.

ಸೋಲುಗಳನ್ನೂ ಮರೆಮಾಚದಿರುವುದು ಈ ಗ್ರಂಥದ ಗುಣ. 1943ರ ಜೂನ್‌ನಲ್ಲಿ ಫ್ರಾನ್ಸಿಗಿಳಿದ ಪಿಕರ್ಸ್‌ಗಿಲ್ ಮತ್ತು ಮೆಕ್ಯಾಲಿಸ್ಟರ್ ಕೆಲವೇ ದಿನಗಳಲ್ಲಿ ಸೆರೆಸಿಕ್ಕರು. ಅವರ ನಿಸ್ತಂತು ಯಂತ್ರದಿಂದಲೇ ಜರ್ಮನರು ಲಂಡನ್ನನ್ನು ವಂಚಿಸಿದರು. 1944ರ ಸೆಪ್ಟೆಂಬರ್‌ನಲ್ಲಿ ಬುಖೆನ್‌ವಾಲ್ಡಿನಲ್ಲಿ ಇಬ್ಬರನ್ನೂ ಕೊಲ್ಲಲಾಯಿತು.

ಆದರೆ ಲೇಖಕರ ಗಮನವು ಸಾಹಸದ ಕಡೆಗೇ ಹೆಚ್ಚು. ಹೊಣೆಗಾರಿಕೆಯ ಪ್ರಶ್ನೆ ಹಿಂದೆ ಸರಿಯುತ್ತದೆ. ಆಕ್ರಮಣವನ್ನು ತಡೆಯುವ ವಿರೋಧಿ ಹಿಂಸೆಯು ಗೃಹಸ್ಥನಿಗೆ ಅನಿವಾರ್ಯವಾಗಬಹುದೆಂದು ನಮ್ಮ ಆಚಾರ್ಯರು ಒಪ್ಪಿದ್ದಾರೆ. ಆದ್ದರಿಂದ ಆ ಶ್ರಮಿಕರನ್ನು ನಾವು ಹಳಿಯಲಾರೆವು. ಆದರೂ ಸುಳ್ಳು ಹೆಸರು, ಸುಳ್ಳು ಪತ್ರಗಳೇ ಗೂಢಚಾರನ ಆಯುಧ. ತತ್ತ್ವಾರ್ಥಸೂತ್ರವು ಕೂಟಲೇಖಕ್ರಿಯೆಯನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಧ್ಯೇಯ ದೊಡ್ಡದೆಂದು ಆ ಎಣಿಕೆ ಬದಲಾಗದು. ಅದು ಯಾರ ಲೆಕ್ಕಕ್ಕೆ ಸೇರಬೇಕೆಂಬುದೇ ಪ್ರಶ್ನೆ.

ಕರ್ಮಾಸ್ರವಕ್ಕೆ ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳು. ಮಾಡಿದವನು ಕೂಲಿಕಾರ, ಮಾಡಿಸಿದವರು ಕಚೇರಿಯಲ್ಲಿದ್ದ ಅಧಿಕಾರಿಗಳು. ಈ ವಲಸಿಗರಲ್ಲಿ ಹಲವರು ಕಮ್ಯುನಿಸ್ಟರು. ಅವರ ಪಕ್ಷವನ್ನು ಕೆನಡಾ ಸರ್ಕಾರವೇ 1940ರಲ್ಲಿ ನಿಷೇಧಿಸಿತ್ತು. ನಾಗರಿಕನೆಂದು ನಂಬದವನನ್ನು ಸಾವಿನ ಬಾಯಿಗೆ ಕಳುಹಿಸಲು ಮಾತ್ರ ನಂಬುವುದು ನ್ಯಾಯವೇ? ಏಷ್ಯಾದ ಕಾರ್ಯಕ್ಕೆ ಆಯ್ಕೆಯಾದ ಚೀನೀ ಮೂಲದವರ ಕಥೆಯೂ ಇದೇ ಬಗೆಯದು. ಅವರಲ್ಲಿ ಹಲವರು ಕೆನಡಾದಲ್ಲೇ ಜನಿಸಿದವರು. ಆದರೂ ಅವರ ಸಮುದಾಯಕ್ಕೆ ಪೂರ್ಣ ಮತದಾನದ ದಾರಿ ತೆರೆದದ್ದು ಯುದ್ಧ ಮುಗಿದ ಮೇಲೆ, 1947ರಲ್ಲಿ.

ಇನ್ನು ಹುಟ್ಟೂರಿನ ಪಾಡು. ಒಬ್ಬ ಜರ್ಮನ್ ಸೈನಿಕನ ಹತ್ಯೆಗೆ 100 ಮಂದಿ ಒತ್ತೆಯಾಳುಗಳೆಂಬ ಆಜ್ಞೆಯು ಸೆರ್ಬಿಯದಲ್ಲಿ 1941ರಲ್ಲೇ ಜಾರಿಯಾಗಿತ್ತು. ಆ ಪಾಪ ಕೊಂದವರದೇ, ಸಂಶಯವಿಲ್ಲ. ಆದರೂ ಪ್ರತಿರೋಧದ ಬೆಲೆಯನ್ನು ತೆರುವವರು ತನ್ನ ನೆರೆಹೊರೆಯವರೆಂಬುದನ್ನು ಮರಳಿ ಬಂದವನು ಮರೆಯುವಂತಿರಲಿಲ್ಲ.

ಮೂರನೆಯ ದ್ವಾರ ನಮ್ಮದು. ಇಂತಹ ಗ್ರಂಥವನ್ನು ಓದಿ ಕೇವಲ ರೋಮಾಂಚನಗೊಳ್ಳುವುದು ಅನುಮೋದನೆಯೇ. ಶ್ರಾವಕರು ಇದನ್ನು ಅವಶ್ಯ ಓದಲಿ. ಪ್ರತಿ ಅಧ್ಯಾಯದ ಕೊನೆಯಲ್ಲಿ, ಈತನನ್ನು ಕಳುಹಿಸಿದವರು ಯಾರು, ಅವರು ತೆತ್ತದ್ದೇನು ಎಂದು ಕೇಳುತ್ತ ಓದಲಿ.