ಲೆಕ್ಕ ಹಿಡಿದ ಕೋಲು

ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರಲ್ಲಿ ‘ಫಿರ್ಗಜ್’ ಎಂಬ ಮಾತಿದೆ. ಒಂದು ಇಗರ್ಜಿಗೆ ಸೇರಿದ ಒಕ್ಕಲು ಎಂದರ್ಥ. ಪೋರ್ಚುಗೀಸರ ‘ಫ್ರೆಗೆಜಿಯಾ’ ಕಡಲು ದಾಟಿ ಬಂದು, ನಾಲಿಗೆಯಿಂದ ನಾಲಿಗೆಗೆ ಸವೆದು ಹೀಗಾಯಿತು. ಲ್ಯಾಟಿನ್ನಿನವರೆಗೆ ಅದರ ಬೇರು ಹಿಡಿದು ಹೋದರೆ ‘ಇಗರ್ಜಿಯ ಮಗ’ ಸಿಗುತ್ತಾನೆ. ನನಗೆ ಬಲು ಇಷ್ಟವಾದ ಪದ ಇದು. ಇಲ್ಲಿ ಅದು ಚರ್ಚಿನ ಮಾತಾಗಿಯೇ ಉಳಿಯಿತು. ಪೋರ್ಚುಗಲ್ಲಿನಲ್ಲಿ ಸರ್ಕಾರದ ಆಡಳಿತದ ಕಟ್ಟಕಡೆಯ ಮೆಟ್ಟಿಲಿಗೂ ಅದೇ ಹೆಸರು.

ಅಂಥ ಒಂದು ಫ್ರೆಗೆಜಿಯಾ ಆಗಿತ್ತು ರಿಯೊ ದೆ ಒನೊರ್. ದೇಶದ ಈಶಾನ್ಯ ಮೂಲೆಯಲ್ಲಿ, ಬ್ರಗಾನ್ಸಾ ಪಟ್ಟಣಕ್ಕೆ ಸೇರಿದ ಮೊಂತೆಸಿನ್ಯು ಬೆಟ್ಟಸೀಮೆಯ ಹಳ್ಳಿ. ಪದರುಗಲ್ಲಿನ ಗೋಡೆ, ಕೆಳಗೆ ದನಕರು, ಮೇಲೆ ಮರದ ಜಗಲಿಯ ಮನೆ. ನಡುವೆ ಒಂದು ಸಣ್ಣ ಹೊಳೆ. ಊರಿನ ಮೇಲ್ಭಾಗ ಸ್ಪೇನಿಗೆ ಸೇರಿದ್ದು, ಕೆಳಭಾಗ ಪೋರ್ಚುಗಲ್ಲಿಗೆ. ಜನ ಮಾತ್ರ ದೇಶದ ಹೆಸರೆತ್ತದೆ ಮೇಲಿನೂರು, ಕೆಳಗಿನೂರು ಎಂದೇ ಕರೆದುಕೊಂಡರು.

ಈ ಊರು ತನ್ನನ್ನು ತಾನೇ ಆಳಿಕೊಂಡ ಬಗೆಯನ್ನು ಮಾನವಶಾಸ್ತ್ರಜ್ಞ ಜಾರ್ಜ್ ದಿಯಾಸ್ 1953ರಲ್ಲಿ ಪುಸ್ತಕವಾಗಿಸಿದರು. ಹಿಟ್ಟಿನ ಗಿರಣಿ, ರೊಟ್ಟಿ ಸುಡುವ ಒಲೆ, ಕುಲುಮೆ, ಒಂದಷ್ಟು ಹೊಲ, ಕೊನೆಗೆ ಬೀಜದ ಹೋರಿ ಕೂಡ ಎಲ್ಲರದಾಗಿತ್ತು. ಗಂಟೆ ಬಾರಿಸಿದರೆ ಮನೆಗೊಬ್ಬರಂತೆ ಬಂದು ಸಭೆ ಕೂಡಬೇಕಿತ್ತು. ಸಭೆ ಆರಿಸಿದ ಇಬ್ಬರು ‘ಮೊರ್ದೋಮು’ಗಳು ಕೆಲಸ ಹಂಚುತ್ತಿದ್ದರು, ದಂಡ ಹಾಕುತ್ತಿದ್ದರು.

ಆ ದಂಡದ ಲೆಕ್ಕ ಇರುತ್ತಿದ್ದದ್ದು ಒಂದು ಕೋಲಿನ ಮೇಲೆ. ಅದನ್ನು ನೆನೆದಾಗಲೆಲ್ಲ ನನಗೆ ಮೈ ಪುಳಕಗೊಳ್ಳುತ್ತದೆ. ಕೋಲಿನಲ್ಲಿ ಒಂದೊಂದು ಮನೆಗೂ ತನ್ನದೇ ಜಾಗ. ಊರಕೆಲಸಕ್ಕೆ ತಪ್ಪಿಸಿಕೊಂಡವನ ಜಾಗದಲ್ಲಿ ಚಾಕುವಿನಿಂದ ಒಂದು ಕಚ್ಚು. ಮತ್ತೆ ತಪ್ಪಿದರೆ ಇನ್ನೊಂದು. ಅಕ್ಷರ ಬಾರದವನೂ ಹೆಬ್ಬೆರಳು ಸವರಿ ತನ್ನ ಬಾಕಿ ಓದಿಕೊಳ್ಳಬಹುದಿತ್ತು, ಪಕ್ಕದ ಮನೆಯವನದನ್ನೂ. ಕಾಗದವಾದರೆ ಕಪಾಟಿನೊಳಗೆ ಸೇರೀತು, ಮರದಲ್ಲಿ ಕೊರೆದ ಗೆರೆಯನ್ನು ತಿದ್ದುವುದು ಹೇಗೆ? ಹಿಡಿದವನ ಕೈಯಲ್ಲಿ ಅದು ಅಧಿಕಾರದ ದಂಡವೂ ಹೌದು, ಊರಿನ ಕಡತವೂ ಹೌದು. ನಮ್ಮ ಭಾಷೆಯಲ್ಲಿ ಕೋಲಿಗೂ ಶಿಕ್ಷೆಗೂ ‘ದಂಡ’ವೆಂಬ ಒಂದೇ ಪದವಿರುವುದು ಆ ಊರಿಗೆಂದೇ ಹೊಂದಿಸಿದಂತೆ ತೋರುತ್ತದೆ.

ಪೋರ್ಚುಗಲ್ ಸರ್ಕಾರದ ಕಾನೂನಿನಲ್ಲೂ ಈ ಹಳೆಯ ಸಭೆಯ ನೆರಳಿದೆ. 150 ಅಥವಾ ಅದಕ್ಕಿಂತ ಕಡಿಮೆ ಮತದಾರರಿರುವ ಫ್ರೆಗೆಜಿಯಾದಲ್ಲಿ ಸದಸ್ಯರನ್ನು ಆರಿಸುವ ಗೋಜಿಲ್ಲ, ಮತದಾರರೆಲ್ಲ ಕೂತರೆ ಅದೇ ಸಭೆ. ಎಷ್ಟು ಚೆಂದದ ಕಾನೂನು! ಆದರೆ 2013ರಲ್ಲಿ ದೇಶದ ನಾಲ್ಕು ಸಾವಿರಕ್ಕೂ ಹೆಚ್ಚು ಫ್ರೆಗೆಜಿಯಾಗಳನ್ನು ಮೂರು ಸಾವಿರದ ಆಸುಪಾಸಿಗೆ ಇಳಿಸಿದಾಗ ರಿಯೊ ದೆ ಒನೊರನ್ನೂ ನೆರೆಯ ಅವೆಲೆದಾ ಜೊತೆ ಕೂಡಿಸಿದರು. ಇಷ್ಟು ಸೊಗಸಾಗಿ ಆಳಿಕೊಂಡ ಊರಿಗೆ ಅದರ ಹೆಸರೊಂದನ್ನಾದರೂ ಒಂಟಿಯಾಗಿ ಬಿಡಬಹುದಿತ್ತು ಎಂದು ನನಗೆ ಇಂದಿಗೂ ಸಂಕಟ.

ಕೋಲಿನ ಮೇಲಿನ ಬಾಕಿಯನ್ನು ತೀರಿಸುತ್ತಿದ್ದದ್ದು ದ್ರಾಕ್ಷಾರಸದಲ್ಲಿ. ಕಚ್ಚುಗಳನ್ನು ಎಣಿಸಿ, ಅಷ್ಟನ್ನು ಅಳೆದು ತಂದು ಒಪ್ಪಿಸಬೇಕಿತ್ತು. ಹಾಗೆ ಕೂಡಿದ್ದನ್ನು ಊರವರೆಲ್ಲ ಒಟ್ಟಿಗೆ ಕೂತು ಕುಡಿಯುತ್ತಿದ್ದರು, ತಪ್ಪು ಮಾಡಿದವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು.