ಕಂಠಪಾಠವೂ ಅರ್ಥಗ್ರಹಣವೂ: 1823ರ ಬಳ್ಳಾರಿ ವರದಿಯ ಪರಿಶೀಲನೆ

ಶಾಲೆಗಳಲ್ಲಿ ಪ್ರಾಚೀನ ಕಾವ್ಯವನ್ನು ಬೋಧಿಸುವ ಕ್ರಮವನ್ನು ಕುರಿತು ಚರ್ಚೆಯೆದ್ದಾಗಲೆಲ್ಲ, ಹಿಂದಿನ ಐಗಳ ಮಠಗಳಲ್ಲಿ ಬಾಲಕರು ಅರ್ಥವರಿಯದೆ ಪದ್ಯಗಳನ್ನು ಉರುಹೊಡೆಯುತ್ತಿದ್ದರೆಂಬ ಆಕ್ಷೇಪವು ಕೇಳಬರುತ್ತದೆ. ಕನ್ನಡನಾಡಿನ ಮಟ್ಟಿಗೆ ಈ ಆಕ್ಷೇಪದ ಹಳೆಯ ಲಿಖಿತ ರೂಪಗಳಲ್ಲೊಂದು, ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ಲನು 1823ನೆಯ ಆಗಸ್ಟ್ ತಿಂಗಳಿನಲ್ಲಿ ಮದರಾಸಿನ ರೆವಿನ್ಯೂ ಬೋರ್ಡಿಗೆ ಕಳುಹಿಸಿದ ವರದಿಯಲ್ಲಿದೆ. ಗವರ್ನರನಾಗಿದ್ದ ಥಾಮಸ್ ಮನ್ರೋ 1822ರಲ್ಲಿ ಆಜ್ಞಾಪಿಸಿದ ವಿಚಾರಣೆಗೆ ಉತ್ತರವಾಗಿ ಬಂದ ಪತ್ರಗಳಲ್ಲಿ ಇದು ಹೆಚ್ಚು ವಿಸ್ತಾರವಾದುದು. ಧರ್ಮಪಾಲರು 1983ರಲ್ಲಿ ‘ದಿ ಬ್ಯೂಟಿಫುಲ್ ಟ್ರೀ’ ಎಂಬ ಗ್ರಂಥದಲ್ಲಿ ಈ ಪತ್ರಗಳನ್ನು ಪ್ರಕಟಿಸಿದ ಮೇಲೆ, ಒಂದು ಪಕ್ಷದವರು ಇದರಲ್ಲಿ ಹಳೆಯ ಶಾಲೆಗಳ ಪ್ರಶಂಸೆಯನ್ನೂ ಮತ್ತೊಂದು ಪಕ್ಷದವರು ಅವುಗಳ ನಿಂದೆಯನ್ನೂ ಆಯ್ದುಕೊಂಡಿರುವರು. ವರದಿಯಲ್ಲಿ ಇವೆರಡೂ ಉಂಟು. ಎರಡಕ್ಕೂ ಇರುವ ಸಂಬಂಧವನ್ನು ವಿಚಾರಿಸಿದವರು ವಿರಳ.

ವರದಿಯ ಅಂಕಿಗಳ ಪ್ರಕಾರ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಅಂದರೆ ಪ್ರಜೆಗಳಲ್ಲಿ ಸಾವಿರಕ್ಕೆ ಸುಮಾರು ಏಳು ಮಂದಿ ಮಾತ್ರ ಓದುತ್ತಿದ್ದರು. ಬಾಲಕಿಯರ ಸಂಖ್ಯೆ ಕೇವಲ 60. ಕನ್ನಡ ಕಲಿಸುವ ಶಾಲೆಗಳು 235, ತೆಲುಗು ಕಲಿಸುವವು 226. ಹಳೆಯ ಪದ್ಧತಿಯನ್ನು ಸುವರ್ಣಯುಗವೆಂದು ಕೊಂಡಾಡುವವರಿಗೆ ಈ ಅಂಕಿಗಳು ಅನುಕೂಲವಾದ ಸಾಕ್ಷಿಯಲ್ಲ. ಹೀಗಿದ್ದರೂ, ಬಾಲಕನು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವ ಮಿತವ್ಯಯವನ್ನೂ, ಮುಂದುವರಿದವರು ಹಿಂದಿನವರಿಗೆ ಕಲಿಸುತ್ತ ತಮ್ಮ ವಿದ್ಯೆಯನ್ನು ದೃಢಪಡಿಸಿಕೊಳ್ಳುವ ಏರ್ಪಾಟನ್ನೂ ಕ್ಯಾಂಪ್‌ಬೆಲ್ಲನು ಮೆಚ್ಚಿ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯುಕ್ತವೇ ಎಂದಿರುವನು.

ಅವನ ಆಕ್ಷೇಪವಿರುವುದು ಪಠ್ಯಗಳ ವಿಷಯದಲ್ಲಿ. ಗ್ರಂಥಗಳೆಲ್ಲ ಪದ್ಯರೂಪದವು, ಅವುಗಳ ಭಾಷೆ ಮಾತಿನ ಮತ್ತು ವ್ಯವಹಾರದ ಭಾಷೆಗಿಂತ ತೀರ ಬೇರೆ, ಲಿಪಿಯೊಂದೇ ಆದುದರಿಂದ ಹುಡುಗನು ಓದಬಲ್ಲನೇ ಹೊರತು ತಿಳಿಯಲಾರನು, ಅವನ ಪಠನವು ಗಿಳಿಯ ಮಾತಿಗಿಂತ ಮೇಲಲ್ಲ, ಎಂಬುದು ಆ ಆಕ್ಷೇಪದ ಸಾರಾಂಶ.

ಈ ತೀರ್ಪಿನ ಮೊದಲನೆಯ ದೋಷವೆಂದರೆ, ಅದು ತೆಲುಗು ಕನ್ನಡಗಳೆರಡಕ್ಕೂ ಒಂದೇ ಮಾತಿನಲ್ಲಿ ಅನ್ವಯಿಸಿರುವುದು. ಕ್ಯಾಂಪ್‌ಬೆಲ್ಲನು 1816ರಲ್ಲಿ ತೆಲುಗು ವ್ಯಾಕರಣವನ್ನು ಪ್ರಕಟಿಸಿದ ವಿದ್ವಾಂಸ. ಕನ್ನಡ ಕಾವ್ಯಭಾಷೆಯ ಒಳಭೇದಗಳನ್ನು ಮಾತ್ರ ಅವನು ಇಲ್ಲಿ ಗಣನೆಗೆ ತಂದಿಲ್ಲ. ಲಿಂಗವಂತ ಬಾಲಕರು ಓದುತ್ತಿದ್ದವೆಂದು ಅವನೇ ಹೆಸರಿಸುವ ಗ್ರಂಥಗಳಲ್ಲಿ ‘ಗಿರಿಜಾಕಲ್ಯಾಣ’, ‘ಬಸವಪುರಾಣ’, ‘ಚೆನ್ನಬಸವಪುರಾಣ’ಗಳು ಸೇರಿವೆ. ಇವು ಒಂದೇ ಬಗೆಯ ಕನ್ನಡದ ಕೃತಿಗಳಲ್ಲ. ಹರಿಹರನ ‘ಗಿರಿಜಾಕಲ್ಯಾಣ’ವು ಹಳಗನ್ನಡದ ಚಂಪೂಕಾವ್ಯ. ಪೂ, ಪಾಲ್, ಪಸುರ್ ಮುಂತಾದ ರೂಪಗಳೂ ಸಂಸ್ಕೃತವೃತ್ತಗಳೂ ಬಾಲಕನನ್ನು ತಡೆದು ನಿಲ್ಲಿಸುವುದು ಸಹಜ. ಭೀಮಕವಿಯ ‘ಬಸವಪುರಾಣ’ (1369), ವಿರೂಪಾಕ್ಷಪಂಡಿತನ ‘ಚೆನ್ನಬಸವಪುರಾಣ’ (1584) ಇವಾದರೋ ಷಟ್ಪದಿಗಳು. ಇವುಗಳ ಹೂ, ಹಾಲು, ಹಸುರುಗಳು ಆ ಹುಡುಗನ ಮನೆಯ ಮಾತೇ ಆಗಿವೆ. ಇಲ್ಲಿಯ ಕ್ಲೇಶವು ಬಹುಮಟ್ಟಿಗೆ ಸಂಧಿಯಿಂದಲೂ ದೂರಾನ್ವಯದಿಂದಲೂ ಉಂಟಾದುದು; ಪದಗಳನ್ನು ಬಿಡಿಸಿ ಕರ್ತೃಕ್ರಿಯೆಗಳನ್ನು ಜೋಡಿಸಿಕೊಟ್ಟರೆ ಪರಿಹಾರವಾಗತಕ್ಕದ್ದು. ಒಂದನೆಯದು ಗ್ರಂಥದ ಕಾಠಿನ್ಯ. ಎರಡನೆಯದು ಉಪಾಧ್ಯಾಯನ ಕೊರತೆ.

ಈ ಭೇದವನ್ನು ಎಣಿಸಿದರೆ ವರದಿಯ ಮತ್ತೊಂದು ವಾಕ್ಯಕ್ಕೆ ಹೆಚ್ಚಿನ ಬೆಲೆ ಬರುತ್ತದೆ. ದೇಶೀಯ ಶಾಲೆಗಳ ಮುಖ್ಯ ದೋಷಗಳು ಎರಡೆಂದು ಕ್ಯಾಂಪ್‌ಬೆಲ್ಲನೇ ಹೇಳಿರುವನು: ಪಠ್ಯಗಳ ಸ್ವರೂಪ, ಮತ್ತು ಸಮರ್ಥರಾದ ಉಪಾಧ್ಯಾಯರ ಅಭಾವ. ಇವುಗಳಲ್ಲಿ ಎರಡನೆಯದೇ ಮೂಲವೆಂಬುದಕ್ಕೆ ಶಾಲೆಯ ಹೊರಗಿನ ಸಾಕ್ಷ್ಯವು ಸಾಕಷ್ಟಿದೆ. ಕುಮಾರವ್ಯಾಸನ ಭಾರತವನ್ನು ಊರ ಗುಡಿಯಲ್ಲೋ ಚಾವಡಿಯಲ್ಲೋ ಓದಿಸಿ ಕೇಳುತ್ತಿದ್ದವರಲ್ಲಿ ಅಕ್ಷರವರಿಯದವರು ಅನೇಕರು. ಅವರು ಕೇಳಿದ್ದೂ ಪದ್ಯವೇ; ಗಿಳಿಗಳಂತೆ ಅವರು ಕೇಳಲಿಲ್ಲ. ಏಕೆಂದರೆ ಅಲ್ಲಿ ಗಮಕಿಯ ಪಕ್ಕದಲ್ಲಿ ವ್ಯಾಖ್ಯಾನಕಾರನೊಬ್ಬನು ಕುಳಿತಿರುತ್ತಿದ್ದನು. ಒಬ್ಬನು ಪದ್ಯವನ್ನು ಕಿವಿಗೆ ಮುಟ್ಟಿಸುವನು, ಮತ್ತೊಬ್ಬನು ಅದನ್ನು ಬುದ್ಧಿಗೆ ಮುಟ್ಟಿಸುವನು. ವರದಿಯಲ್ಲಿ ಚಿತ್ರಿತವಾದ ಶಾಲೆಗಳಲ್ಲಿ ವಾಚನವಿತ್ತು, ವ್ಯಾಖ್ಯಾನವಿರಲಿಲ್ಲ. ಆದುದರಿಂದ ದೋಷವು ಕಂಠಪಾಠದಲ್ಲಲ್ಲ, ಕಂಠಪಾಠವು ಅಲ್ಲಿಗೇ ನಿಂತುಬಿಟ್ಟುದರಲ್ಲಿದೆ.

ಅನಂತರದ ಸುಧಾರಣೆಗಳು ಈ ಎರಡು ದೋಷಗಳಲ್ಲಿ ಸುಲಭವಾದುದನ್ನು ಮೊದಲು ಕೈಕೊಂಡವು. ಗದ್ಯಪಾಠಗಳು ಬಂದವು, ಅಚ್ಚಿನ ಪುಸ್ತಕಗಳು ಬಂದವು. ಕಾವ್ಯವು ಆಯ್ದ ಕೆಲವು ಪದ್ಯಗಳಿಗೆ ಇಳಿಯಿತು. ಇದರಿಂದ ಲಾಭವಾಗಿಲ್ಲವೆಂದು ಹೇಳುವುದು ಅನ್ಯಾಯ; ಆ 60 ಬಾಲಕಿಯರ ಕಾಲಕ್ಕೆ ಹಿಂತಿರುಗಬೇಕೆಂದು ಯಾರೂ ಬಯಸಲಾರರು. ಆದರೆ ವ್ಯಾಖ್ಯಾನದ ಸ್ಥಾನವನ್ನು ಈಗ ಅನೇಕ ತರಗತಿಗಳಲ್ಲಿ ಪರೀಕ್ಷೆಯ ಮಾರ್ಗದರ್ಶಿ ಪುಸ್ತಕವು ಆಕ್ರಮಿಸಿದೆ. ವಿದ್ಯಾರ್ಥಿಯು ಪದ್ಯವನ್ನು ಬಾಯಿಪಾಠ ಮಾಡದಿರಬಹುದು; ಅದರ ಸಾರಾಂಶವನ್ನು, ‘ಸಂದರ್ಭ’ವನ್ನು, ‘ಸ್ವಾರಸ್ಯ’ವನ್ನು ಅನ್ಯರು ಬರೆದ ಮಾತಿನಲ್ಲಿಯೇ ಬಾಯಿಪಾಠ ಮಾಡುತ್ತಾನೆ. ಅರ್ಥವನ್ನೇ ಅರ್ಥವರಿಯದೆ ಒಪ್ಪಿಸುವ ಈ ಕ್ರಮವು ಹಿಂದಿನದಕ್ಕಿಂತ ಹೇಗೆ ಮೇಲು? ಹಿಂದಿನ ಬಾಲಕನ ನಾಲಗೆಯ ಮೇಲೆ ಭೀಮಕವಿಯ ಪದ್ಯವಾದರೂ ಉಳಿಯುತ್ತಿತ್ತು. ಮುಂದೊಮ್ಮೆ ಪುರಾಣದ ಜಗಲಿಯಲ್ಲಿ ಅದರ ಅರ್ಥವು ಹೊಳೆಯುವ ಅವಕಾಶವಿತ್ತು. ಪರೀಕ್ಷೆಯ ಮರುದಿನ ಮರೆತುಹೋಗುವ ಸಾರಾಂಶಕ್ಕೆ ಅಂತಹ ಉತ್ತರಕಾಲವಿಲ್ಲ.

ಇಷ್ಟರಿಂದ ಬೋಧಕರು ಗ್ರಹಿಸಬಹುದಾದ ನಿರ್ಣಯವು ಸರಳವಾದುದು. ಪದ್ಯವನ್ನು ಮೊದಲು ಛಂದಸ್ಸಿಗೆ ಭಂಗಬಾರದಂತೆ ಗಟ್ಟಿಯಾಗಿ ಓದಿಸುವುದು. ಅನಂತರ ಪದಚ್ಛೇದವನ್ನೂ ಅನ್ವಯವನ್ನೂ ವಿದ್ಯಾರ್ಥಿಗಳಿಂದಲೇ ಮಾಡಿಸುವುದು. ಕಡೆಗೆ ಭಾವವನ್ನು ಅವರವರ ಊರಿನ ಮಾತಿನಲ್ಲಿ ಹೇಳಿಸುವುದು. ಮೊದಲನೆಯದನ್ನು ಹಳೆಯ ಮಠವು ಬಲ್ಲದಾಗಿತ್ತು. ಉಳಿದೆರಡಕ್ಕೆ ಹಿರಿಯ ವಿದ್ಯಾರ್ಥಿಯು ಕಿರಿಯನಿಗೆ ಹೇಳಿಕೊಡುವ ಆ ಮಠದ ಪದ್ಧತಿಯೇ ನೆರವಾಗಬಲ್ಲದು: ಪದ್ಯದ ಅರ್ಥವನ್ನು ಮತ್ತೊಬ್ಬನಿಗೆ ತಿಳಿಯಹೇಳಬೇಕಾದವನು ಅದನ್ನು ತಾನು ತಿಳಿಯದೆ ವಿಧಿಯಿಲ್ಲ. ಕ್ಯಾಂಪ್‌ಬೆಲ್ಲನು ಮೆಚ್ಚಿದುದನ್ನು ಅವನು ಆಕ್ಷೇಪಿಸಿದುದರ ಪರಿಹಾರಕ್ಕಾಗಿ ಉಪಯೋಗಿಸುವ ಈ ಮಾರ್ಗವು ಅವನ ವರದಿಯಲ್ಲಿ ಸೂಚಿತವಾಗಿಲ್ಲ. ಆ ವರದಿಯನ್ನು ಸಮಗ್ರವಾಗಿ ಓದಿದವರಿಗೆ ಅದು ತೋರದೆ ಇರದು.